ಮುನಿಲಕ್ಷ್ಮಮ್ಮನವರ ಮುಂದೆ ವೀಳ್ಯದ ತಟ್ಟೆ

ಮಾರೇನಹಳ್ಳಿಯ ಹಳೇ ಊರಿನಲ್ಲಿ ಈಗ ಯಾರೂ ರಾಗಿ ಬೆಳೆಯುವುದಿಲ್ಲ. ಆದರೂ ಊರ ನಡುವೆ ಒಂದು ಕಣ ಉಳಿದುಕೊಂಡಿದೆ. ಮೂರು ಕಡೆ ಮಹಡಿ ಮನೆಗಳು, ಇನ್ನೊಂದು ಕಡೆ ಬೇಕರಿಯ ಹಿಂಗೋಡೆ, ನಡುವೆ ತೆನೆ ಬಡಿಯಲೆಂದು ಹಿಂದಿನವರು ಬಿಟ್ಟ ಜಾಗ. ಸಗಣಿಯಲ್ಲಿ ಸಾರಿಸುತ್ತಿದ್ದ ನೆಲಕ್ಕೆ ಸಿಮೆಂಟು ಬಂದು ಎಷ್ಟೋ ಕಾಲವಾಯಿತು. ಬೆಳಿಗ್ಗೆ ಅಲ್ಲಿ ಸ್ಕೂಟರುಗಳು ನಿಲ್ಲುತ್ತವೆ, ಮಧ್ಯಾಹ್ನ ಹಪ್ಪಳ ಒಣಗುತ್ತದೆ, ಸಂಜೆ ಮಕ್ಕಳು ಕ್ರಿಕೆಟ್ ಆಡುತ್ತಾರೆ. ಮದುವೆಗೆ ಶಾಮಿಯಾನ ಹಾಕುವುದು ಅಲ್ಲಿ. ಯಾರಾದರೂ ತೀರಿಕೊಂಡರೆ ತಂದು ಮಲಗಿಸುವುದೂ ಅಲ್ಲೇ, ಏಕೆಂದರೆ ಮನೆಗಳ ಮೆಟ್ಟಿಲು ಕಿರಿದು, ಚಟ್ಟ ತಿರುಗುವುದಿಲ್ಲ.

ಕಣ ಊರಿನ ಹಳೇ ಮನೆತನಗಳಿಗೆಲ್ಲ ಸೇರಿದ್ದು. ಅದನ್ನು ನೋಡಿಕೊಳ್ಳಲು ಒಂದು ಸಮಿತಿ ಇದೆ, ಸಮಿತಿಗೆ ಒಂದು ಕಟ್ಟಳೆ ಇದೆ. ಸುತ್ತಲಿನ ಹೊಲಗಳು ವಿಜಯನಗರದ ಬಡಾವಣೆಯಾಗುವ ಮೊದಲು ಊರ ಗೌಡರು ಶಾನುಭೋಗರ ಕೈಯಲ್ಲಿ ಬರೆಸಿದ್ದು. ಕಣದಲ್ಲಿ ಬೀಡಿ ಸೇದಕೂಡದು, ಬಣವೆಗೆ ಬೆಂಕಿ ಬಿದ್ದೀತು. ತುಳಿಯುವ ಎತ್ತಿನ ಬಾಯಿಗೆ, ತೆನೆ ತಿನ್ನದಂತೆ, ಕುಕ್ಕೆ ಹಾಕತಕ್ಕದ್ದು. ಗೌಡರ ಮನೆಯ ತೆನೆ ಮೊದಲು, ಮಿಕ್ಕವರದು ಸರದಿಯ ಪ್ರಕಾರ. ಹೀಗೆ ಹೋಗುವ ಬರಹದ ಕೊನೆಯಲ್ಲಿ ಎರಡು ಮಾತುಗಳಿವೆ, ಇಂದಿಗೂ ನಡೆಯುತ್ತಿರುವುದು ಅವೆರಡೇ.

ಒಂದು, ವೀಳ್ಯದ ತಟ್ಟೆ. ಸಂಕ್ರಾಂತಿ ಕಳೆದ ಮೊದಲ ಭಾನುವಾರ ಎಲ್ಲ ಮನೆಯವರೂ ಕಣದಲ್ಲಿ ಸೇರುತ್ತಾರೆ. ಯಾವುದೇ ವಿಷಯ ಬಂದರೂ ಮಾತಾಡುವಷ್ಟು ಮಾತಾಡಿ, ಆಮೇಲೆ ಮನೆಗೊಂದರಂತೆ ವೀಳ್ಯದೆಲೆ ಇಟ್ಟ ತಟ್ಟೆಯನ್ನು ಸುತ್ತ ತರುತ್ತಾರೆ. ಒಪ್ಪಿದವರು ಎಲೆ ಎತ್ತಿಕೊಳ್ಳುತ್ತಾರೆ. ತಟ್ಟೆ ಬರಿದಾದರೆ ವಿಷಯ ಆಯಿತು. ಒಂದೇ ಒಂದು ಎಲೆ ಉಳಿದರೂ ಮುಂದಿನ ಸಂಕ್ರಾಂತಿವರೆಗೆ ಅದು ನಿಂತಿತು. ಯಾಕೆ ಬಿಟ್ಟೆ ಎಂದು ಬಿಟ್ಟವರನ್ನು ಯಾರೂ ಕೇಳಕೂಡದು.

ಇನ್ನೊಂದು, ಎಲೆ ಯಾರಿಗೆ ಎನ್ನುವುದು. ತಂದೆಯ ನಂತರ ಮಗನಿಗೆ. ಗಂಡು ದಿಕ್ಕಿಲ್ಲದ ಮನೆಯಲ್ಲಿ ಹೆಂಡತಿ ಬದುಕಿರುವವರೆಗೆ ಅವಳು ಎತ್ತಬಹುದು; ಅವಳ ತರುವಾಯ ಆ ಮನೆಯ ಒಲೆ ಆರಿತೆಂದು ತಿಳಿದು ಎಲೆಯನ್ನು ಹತ್ತಿರದ ದಾಯಾದಿಗೆ ಸೇರಿಸತಕ್ಕದ್ದು.

ಮುನಿಲಕ್ಷ್ಮಮ್ಮ ಸಭೆಯಲ್ಲಿ ಕೂರುವ ಒಬ್ಬರೇ ಹೆಂಗಸು. ಅವರಿಗೆ ಇರುವುದು ಒಬ್ಬಳೇ ಮಗಳು.

ಅವರು ಹುಟ್ಟಿದ್ದು ಶ್ರೀಗಂಧದ ಕಾವಲಿನಲ್ಲಿ, ಅಲ್ಲಿ ಕುರುಚಲು ಗಿಡ ಮತ್ತು ಹೊಲಗಳಿದ್ದ ಕಾಲದಲ್ಲಿ. ಮದುವೆಯಾಗಿ ಮಾರೇನಹಳ್ಳಿಗೆ ಬಂದಾಗ ಗಂಡ ಹೊಂಬಾಳಯ್ಯನವರಿಗೆ ಬಿನ್ನಿಪೇಟೆಯ ಬಟ್ಟೆ ಗಿರಣಿಯಲ್ಲಿ ಕೆಲಸ. ಹೊಲ ಆಗಲೇ ಬಡಾವಣೆಗೆ ಹೋಗಿತ್ತು. ಗಿರಣಿಯ ಕೆಲಸವೂ ಮುಗಿದ ಮೇಲೆ ಮುನಿಲಕ್ಷ್ಮಮ್ಮ ತವರಿನಿಂದ ಒಂದು ಸೀಮೆಹಸು ಹೊಡೆದುಕೊಂಡು ಬಂದರು. ಒಂದಿದ್ದದ್ದು ನಾಲ್ಕಾಯಿತು. ತಮ್ಮದೇ ಹೊಲದಲ್ಲಿ ಎದ್ದ ಮನೆಗಳ ಬಾಗಿಲಿಗೆ ಕ್ಯಾನು ಹೊತ್ತು ಹೋಗಿ ಹಾಲು ಹಾಕಿದರು. ಈ ಮನೆ ನಮ್ಮ ಬದುವಿನ ಮೇಲಿದೆ, ಆ ಮನೆ ಹುಣಸೇ ಮರದ ಬುಡದಲ್ಲಿದೆ ಎಂದು ಅವರಿಗೆ ಗೊತ್ತಾಗುತ್ತಿತ್ತು, ಹೇಳುತ್ತಿರಲಿಲ್ಲ. ಮಾತಿನಲ್ಲಿ ಹೊತ್ತು ಹೋದರೆ ಹಾಲು ಒಡೆಯುತ್ತದೆ. ಪ್ಯಾಕೆಟ್ ಹಾಲು ಬಂದು, ದಿನವೂ ಹಾಲು ಹಾಕಿಸಿಕೊಳ್ಳುತ್ತಿದ್ದ ವರ್ತನೆ ಮನೆಗಳು ಒಂದೊಂದಾಗಿ ಬಿಟ್ಟುಹೋದ ಮೇಲೆ ಹಸುಗಳನ್ನು ಮಾರಿ, ಕೊಟ್ಟಿಗೆ ಇದ್ದ ಕಡೆ ಮಹಡಿ ಎಬ್ಬಿಸಿ ಬಾಡಿಗೆಗೆ ಕೊಟ್ಟರು. ಮಗಳು ಕವನಾಳನ್ನು ಬಿ.ಎಡ್. ಓದಿಸಿದರು. ಅವಳು ಈಗ ಕೆಂಗೇರಿಯಲ್ಲಿ ಗಂಡ, ಮಗುವಿನ ಜೊತೆ ಇದ್ದಾಳೆ. ಅಲ್ಲಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಾಳೆ.

ಹೊಂಬಾಳಯ್ಯ ಹೋದದ್ದು ಒಂದು ಮಳೆಗಾಲದಲ್ಲಿ. ಅವರನ್ನು ಕಣದಲ್ಲೇ ಮಲಗಿಸಿದ್ದರು. ಅದರ ಮುಂದಿನ ಸಂಕ್ರಾಂತಿಯ ಸಭೆಯಲ್ಲಿ ತಟ್ಟೆ ಹಿಡಿದವನು ಮುನಿಲಕ್ಷ್ಮಮ್ಮನವರ ಮುಂದೆ ನಿಲ್ಲದೆ ದಾಟಿ ಹೋದ. ಆಗ ಮರಿಯಪ್ಪನವರು ಅವನನ್ನು ಹಿಂದಕ್ಕೆ ಕರೆದರು. ಮರಿಯಪ್ಪ ಊರಿನ ಹಿರೀಕರು, ಹೊಂಬಾಳಯ್ಯನವರಿಗೆ ವರಸೆಯಲ್ಲಿ ಅಣ್ಣ.

"ಹೊಂಬಾಳಯ್ಯನ ಮನೆ ಬಿಟ್ಟೆ ಕಣಪ್ಪಾ," ಎಂದರು ಅಷ್ಟೇ.

ತಟ್ಟೆ ಹಿಂದಕ್ಕೆ ಬಂತು. ಮುನಿಲಕ್ಷ್ಮಮ್ಮ ಸೆರಗು ಸರಿಮಾಡಿಕೊಂಡು ಎಲೆ ಎತ್ತಿಕೊಂಡರು.

ಕೆಲವು ವರ್ಷಗಳ ನಂತರ ಕಣದ ಮೂಲೆಯಲ್ಲಿ ಮೊಬೈಲ್ ಟವರ್ ಹಾಕುವ ಮಾತು ಬಂತು. ಎಲ್ಲರೂ ಎಲೆ ಎತ್ತಿದರು, ಮುನಿಲಕ್ಷ್ಮಮ್ಮ ಎತ್ತಲಿಲ್ಲ. ಟವರ್ ಎತ್ತರದ ಬಗ್ಗೆಯಾಗಲಿ ಅದರ ತರಂಗಗಳ ಬಗ್ಗೆಯಾಗಲಿ ಅವರಿಗೆ ಅಂಜಿಕೆ ಇರಲಿಲ್ಲ. ಗಂಡನನ್ನು ತಂದು ಮಲಗಿಸಿದಾಗ ಅವರ ತಲೆ ಇದ್ದದ್ದು ಆ ಮೂಲೆಯಲ್ಲಿ, ಅಷ್ಟೇ ಕಾರಣ. ಅದನ್ನು ಬಾಯಿಬಿಟ್ಟು ಹೇಳಬೇಕಾಗಿ ಬಂದಿದ್ದರೆ ಅವರು ಎಲೆ ಎತ್ತಿಬಿಡುತ್ತಿದ್ದರೇನೋ. ಯಾರೂ ಕೇಳಲಿಲ್ಲ. ಟವರ್ ತರಲು ಓಡಾಡಿದ್ದವನು ಮೈದುನನ ಮಗ ಭೈರೇಶ. ಮಾರನೆಯ ಬೆಳಿಗ್ಗೆ ಬೇಕರಿ ಮುಂದೆ ಅವನೇ ಎದುರಾಗಿ, "ಟೀ ಕುಡೀತೀಯಾ ದೊಡ್ಡಮ್ಮಾ?" ಎಂದ. ಅವರು ಕುಡಿದರು.

ಆ ಭೈರೇಶ ಈಗ ಸಮಿತಿಯ ಕಾರ್ಯದರ್ಶಿ. ಮಾಗಡಿ ರಸ್ತೆಯಲ್ಲಿ ಅವನದು ಟೈಲ್ಸ್ ಅಂಗಡಿ. ಹೋದ ಬೇಸಿಗೆಯಲ್ಲಿ ಮುನಿಲಕ್ಷ್ಮಮ್ಮನವರಿಗೆ ಎದೆ ಹಿಡಿದುಕೊಂಡಾಗ ಕಾರು ಹತ್ತಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದವನು ಅವನೇ. ಸ್ಟೆಂಟ್ ಹಾಕಿ ಕಳಿಸಿದರು. ಆ ಮಂಚದ ಮೇಲೆ ಮಲಗಿದ್ದಾಗ ಮುನಿಲಕ್ಷ್ಮಮ್ಮನವರಿಗೆ ಮನೆಯ ಚಿಂತೆ ಬರಲಿಲ್ಲ. ಮನೆ ಕಾನೂನಿನ ಪ್ರಕಾರ ಕವನಾಳಿಗೆ ಹೋಗುತ್ತದೆ. ಬಂದದ್ದು ಎಲೆಯ ಚಿಂತೆ. ತಾನು ಕಣ್ಣು ಮುಚ್ಚಿದರೆ ಮುಂದಿನ ಸಂಕ್ರಾಂತಿಯಲ್ಲಿ "ಹೊಂಬಾಳಯ್ಯನ ಮನೆ" ಎಂದು ಯಾರೂ ಕೂಗುವುದಿಲ್ಲ.

ಡಿಸೆಂಬರಿನ ಒಂದು ಸಂಜೆ ಭೈರೇಶ ಸುಧೀಂದ್ರರನ್ನು ಕರೆದುಕೊಂಡು ಬಂದ. ಸುಧೀಂದ್ರ ಒಂದು ಸರ್ಕಾರಿ ನಿಗಮದಲ್ಲಿ ಕಾನೂನು ಅಧಿಕಾರಿಯಾಗಿದ್ದು ನಿವೃತ್ತರಾದವರು, ಎರಡು ರಸ್ತೆ ಆಚೆ ಇರುವವರು. ಹಿಂದೆ ಮುನಿಲಕ್ಷ್ಮಮ್ಮ ಅವರ ಮನೆಗೂ ಹಾಲು ಹಾಕುತ್ತಿದ್ದರು. ಸಮಿತಿಗೆ ಹೊಸ ಕಟ್ಟಳೆ ಬರೆದುಕೊಡಲು ಅವರನ್ನು ಭೈರೇಶ ಒಪ್ಪಿಸಿದ್ದ.

"ದೊಡ್ಡಮ್ಮಾ, ಈ ಹಳೇದನ್ನ ಇಟ್ಕೊಂಡು ಬ್ಯಾಂಕಿಗೆ ಹೋದ್ರೆ ಮ್ಯಾನೇಜರು ನಗ್ತಾನೆ. ಎತ್ತಿನ ಬಾಯಿಗೆ ಕುಕ್ಕೆ ಹಾಕ್ಬೇಕು ಅಂತ ಬರ್ದೈತೆ. ಎತ್ತೆಲ್ಲೈತೆ?"

"ಎತ್ತಿಲ್ದೇ ಹೋದ್ರೆ ಆ ಮಾತು ಯಾರಿಗ್ ಹಾಯ್ತದೆ? ಅದರ ಪಾಡಿಗೆ ಇರ್ಲಿ ಬಿಡು," ಎಂದರು ಮುನಿಲಕ್ಷ್ಮಮ್ಮ ಕಾಫಿ ಲೋಟ ಮುಂದಿಡುತ್ತಾ.

ಸುಧೀಂದ್ರ ಸಮಾಧಾನವಾಗಿ ವಿವರಿಸಿದರು. "ಅದೊಂದೇ ಅಲ್ಲ ಮುನಿಲಕ್ಷ್ಮಮ್ಮನವರೇ. ಬದಲಾಯಿಸಬೇಕಾದ್ದು ತುಂಬಾ ಇದೆ. ಒಂದೊಂದನ್ನೇ ತಿದ್ದುತ್ತಾ ಕೂತ್ರೆ ತೇಪೆ ಮೇಲೆ ತೇಪೆ ಆಗುತ್ತೆ. ಹೊಸದಾಗಿ ಬರೆದ್ರೆ ಚೊಕ್ಕಟ."

"ದೇಶದ ಸಂವಿಧಾನಕ್ಕೂ ತೇಪೆ ಹಾಕಿದಾರಂತಲ್ಲಾ ಸಾರ್? ಕವನಾ ಹೇಳ್ತಿದ್ಲು."

"ಹಾಕಿದಾರೆ. ನೂರು ದಾಟಿದೆ."

"ಅಷ್ಟಾದ್ರೂ ಅದನ್ನೇ ಉಟ್ಕೊಂಡಿದೀವಿ."

ಸುಧೀಂದ್ರ ನಕ್ಕರು. "ಆ ಬಟ್ಟೆನೇ ಬೇರೆ ಬಿಡಿ. ಗಟ್ಟಿ ನೇಯ್ಗೆ. ಇದು ಶಾನುಭೋಗರ ಕೈಬರಹ."

ಹೊಸ ಪುಸ್ತಕದಲ್ಲಿ ಮುಖ್ಯವಾದ ಬದಲಾವಣೆ ಎರಡು ಎಂದು ಅವರು ಹೇಳಿದರು. ಮೊದಲನೆಯದು, ಗಂಡಾಗಲಿ ಹೆಣ್ಣಾಗಲಿ, ಮಕ್ಕಳಿಗೆ ಎಲೆ ಬರುತ್ತದೆ. ಎರಡನೆಯದು, ಇನ್ನು ಮುಂದೆ ತಟ್ಟೆ ಇರುವುದಿಲ್ಲ. ಕೈ ಎತ್ತಿಸಿ ಹೆಚ್ಚು ಜನ ಹೇಳಿದ್ದನ್ನು ನಡೆಸುವುದು.

ಮುನಿಲಕ್ಷ್ಮಮ್ಮ ಮೊದಲನೆಯದನ್ನು ಎರಡು ಸಲ ಹೇಳಿಸಿಕೊಂಡು ಕೇಳಿದರು. ಆಮೇಲೆ ಭೈರೇಶನ ಕಡೆ ತಿರುಗಿದರು. "ನನ್ ಆದ್ಮೇಲೆ ಈ ಮನೆ ಎಲೆ ನಿಂಗೇ ತಾನೇ ಬರೋದು? ನೀನಾಗೇ ಬಿಟ್ಕೊಡ್ತಿದೀಯಾ?"

"ಎರಡೆರಡು ಎಲೆ ಇಟ್ಕೊಂಡು ಏನ್ ಮಾಡ್ಲಿ? ಅಗಿಯಾಕೆ ದವಡೆ ಹಲ್ಲೇ ಇಲ್ಲ," ಎಂದ ಭೈರೇಶ. ಸ್ವಲ್ಪ ತಡೆದು, "ಕವನಾ ನನ್ ತಂಗಿ ಅಲ್ವಾ ದೊಡ್ಡಮ್ಮಾ?" ಎಂದ. ಅದು ನಾಟಕವಲ್ಲ ಎಂದು ಅವರಿಗೆ ಗೊತ್ತಾಯಿತು.

"ಕೈ ಎತ್ತೋದು ಯಾತಕ್ಕೆ?"

ಭೈರೇಶ ಅದನ್ನೂ ಮುಚ್ಚಿಡಲಿಲ್ಲ. ಬೇಕರಿ ಕಡೆಯ ಅರ್ಧ ಕಣದಲ್ಲಿ ಅಂಗಡಿ ಮಳಿಗೆ ಕಟ್ಟಿಸಬೇಕು, ಬರುವ ಬಾಡಿಗೆಯಿಂದ ಊರ ಮಕ್ಕಳ ಓದಿಗೆ ಕೊಡಬೇಕು, ಉಳಿದ ಅರ್ಧಕ್ಕೆ ಶೀಟು ಹಾಕಿಸಬೇಕು ಎಂದ. ಹೆಚ್ಚಿನವರು ಒಪ್ಪಿದ್ದಾರೆ. ಆದರೆ ತಟ್ಟೆ ಇರುವವರೆಗೆ ಒಬ್ಬರಲ್ಲ ಒಬ್ಬರು ಬಿಡುತ್ತಾರೆ. ಬಿಡುವವರು ಯಾರು ಎಂದು ಅವನು ಹೇಳಲಿಲ್ಲ, ಕಾಫಿ ಕುಡಿದ.

ಸಂಕ್ರಾಂತಿಯ ದಿನ ಕವನಾ ಕೆಂಗೇರಿಯಿಂದ ಮೆಟ್ರೋ ಹತ್ತಿ ಬಂದಳು. ತಾಯಿ ಮಗಳು ಅವರೆಕಾಯಿ ಸುಲಿಯುತ್ತಾ ಕೂತರು.

"ನನಗೆ ಎಲೆ ಬೇಕು ಅಂತ ನಾನೆಲ್ಲಿ ಕೇಳಿದೀನಮ್ಮಾ?"

"ನಿಂಗೋಸ್ಕರ ಅಲ್ಲ ಕಣೇ. ನಿಮ್ಮಪ್ಪನ ಮನೆ ಹೆಸರು ಕೂಗ್ಬೇಕು. ನಾನಿಲ್ದೇ ಇದ್ರೂ ಕೂಗ್ಬೇಕು."

"ಸರಿ, ಹಾಗಾದ್ರೆ ಎತ್ಕೊ."

"ಎತ್ಕೊಂಡ್ರೆ ಕಣ ಹೋಗ್ತದೆ."

ಕವನಾ ಕೈಯಲ್ಲಿದ್ದ ಕಾಯಿ ಸುಲಿದು ಸಿಪ್ಪೆ ಪಕ್ಕಕ್ಕೆ ಹಾಕಿದಳು. "ಎಲ್ಲಾದಕ್ಕೂ ಸೇರಿಸಿ ಒಂದೇ ತಟ್ಟೆ ತರ್ತಾರಾ? ಇದೊಳ್ಳೇ ಕಾಂಬೋ ಆಫರ್. ಸೋಪು ಬೇಕು ಅಂದ್ರೆ ಬ್ರಷ್ಷೂ ತಗೋಬೇಕು."

"ಹಿಂದೆ ಹಂಗಿರ್ಲಿಲ್ಲ. ಒಂದು ತಟ್ಟೆಗೆ ಒಂದು ಮಾತು."

"ಹಾಗಾದ್ರೆ ಅದನ್ನೇ ಕೇಳು," ಎಂದಳು ಮಗಳು. "ಮಾತ್ರೆ ತಗೊಂಡ್ಯಾ?"

"ತಗೋತೀನಿ," ಎಂದರು ಮುನಿಲಕ್ಷ್ಮಮ್ಮ. ತೆಗೆದುಕೊಳ್ಳಲಿಲ್ಲ. ಮಾತ್ರೆ ತಿಂದರೆ ಬಾಯಿ ಕಹಿಯಾಗಿ ಹಬ್ಬದ ಊಟ ರುಚಿಸುವುದಿಲ್ಲ ಎನ್ನುವುದು ಅವರ ವಾದ.

ಭಾನುವಾರ ಕಣದಲ್ಲಿ ಜಮಖಾನ ಹಾಸಿದರು. ಸ್ಕೂಟರುಗಳನ್ನು ಬೀದಿಗೆ ತಳ್ಳಿದ್ದರು. ಸುಧೀಂದ್ರ ಕುರ್ಚಿಯಲ್ಲಿ ಕೂತು ಹೊಸ ಕಟ್ಟಳೆ ಓದಲು ಶುರುಮಾಡಿದರು. ಒಳ್ಳೆಯ ಕನ್ನಡ, ಸ್ಪಷ್ಟವಾದ ದನಿ. ಜನ ತಲೆದೂಗುತ್ತಾ ಕೇಳುತ್ತಿದ್ದರು. ನಡುವೆ ಒಂದು ಕಡೆ, "ಲಿಫ್ಟಿನ ನಿರ್ವಹಣಾ ವೆಚ್ಚವನ್ನು ಎಲ್ಲ ಸದಸ್ಯರೂ ಸಮನಾಗಿ ಭರಿಸತಕ್ಕದ್ದು" ಎಂದು ಬಂತು.

ಹಿಂದಿನ ಸಾಲಿನಿಂದ ಒಬ್ಬ ಕೈ ಎತ್ತಿದ. "ಸಾರ್, ಕಣಕ್ಕೆ ಲಿಫ್ಟ್ ಎಲ್ಲೈತೆ? ಎಲ್ಲಿಗೋಯ್ತದೆ?"

"ಸೀದಾ ಮ್ಯಾಕ್ಕೆ," ಎಂದ ಪಕ್ಕದವನು. "ಸತ್ತೋರ್ನ ಇಲ್ಲೇ ತಾನೇ ಮಲಗ್ಸೋದು? ಒಂದು ಬಟನ್ ಒತ್ತುದ್ರಾಯ್ತು."

ಕಣವೆಲ್ಲ ನಕ್ಕಿತು. ಸುಧೀಂದ್ರರೂ ಕನ್ನಡಕ ತೆಗೆದು ನಕ್ಕರು. ತಾವಿರುವ ಅಪಾರ್ಟ್‌ಮೆಂಟಿನ ನಿಯಮಗಳನ್ನು ಮಾದರಿಗೆಂದು ಇಟ್ಟುಕೊಂಡಿದ್ದೆ, ಅದೊಂದು ಸಾಲು ಜೊತೆಯಲ್ಲಿ ಬಂದುಬಿಟ್ಟಿದೆ ಎಂದು ಒಪ್ಪಿಕೊಂಡು ಪೆನ್ನಿನಿಂದ ಹೊಡೆದುಹಾಕಿದರು. ಓದು ಮುಗಿಯಿತು. ಭೈರೇಶ ತಟ್ಟೆ ತರಲು ಎದ್ದ.

"ಭೈರೇಶಾ," ಎಂದರು ಮುನಿಲಕ್ಷ್ಮಮ್ಮ ಕೂತಲ್ಲಿಂದಲೇ. "ಒಂದೊಂದು ಮಾತಿಗೆ ಒಂದೊಂದು ತಟ್ಟೆ ತಾರಪ್ಪಾ."

"ಎಲ್ಲಾ ಒಂದೇ ಪುಸ್ತಕ ದೊಡ್ಡಮ್ಮಾ. ಹಂಗ್ ಬಿಡಿಸಿದ್ರೆ ಸಾಯಂಕಾಲ ಆಗ್ತದೆ."

ಮುಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕೂತಿದ್ದ ಮರಿಯಪ್ಪ ಕೋಲನ್ನು ನೆಲಕ್ಕೆ ಮೆಲ್ಲನೆ ಕುಟ್ಟಿದರು. "ಆಗ್ಲಿ. ಒಂದು ತಟ್ಟೆಗೆ ಒಂದೇ ಮಾತು. ಹಂಗೇ ನಡ್ಕೊಂಬಂದಿರೋದು."

ಅದಕ್ಕೆ ಯಾರೂ ಎದುರಾಡಲಿಲ್ಲ. ಭೈರೇಶ ದೊಡ್ಡಮ್ಮನ ಮುಖ ನೋಡಿ ಮೊದಲ ತಟ್ಟೆಯನ್ನು ಹೆಣ್ಣುಮಕ್ಕಳ ಎಲೆಗೆಂದು ಕಳಿಸಿದ. ತಟ್ಟೆ ಹಿಡಿದವನು ಮನೆ ಹೆಸರುಗಳನ್ನು ಕೂಗುತ್ತಾ ಹಿಂದಿನ ಸಾಲಿನಿಂದ ಮುಂದಕ್ಕೆ ಬಂದ. ಒಬ್ಬೊಬ್ಬರೇ ಎತ್ತಿದರು. ಮನೆಯಲ್ಲಿ ಹೆಂಡತಿ ಏನು ಹೇಳಿ ಕಳಿಸಿದ್ದಾಳೆ ಎಂಬುದು ಕೆಲವರ ಮುಖದಲ್ಲೇ ಕಾಣುತ್ತಿತ್ತು. "ಹೊಂಬಾಳಯ್ಯನ ಮನೆ" ಎಂದಾಗ ಮುನಿಲಕ್ಷ್ಮಮ್ಮ ಎಲೆ ಎತ್ತಿ ಮಡಿಲಲ್ಲಿ ಇಟ್ಟುಕೊಂಡರು. ತಟ್ಟೆ ಕೊನೆಗೆ ಮರಿಯಪ್ಪನವರ ಮುಂದೆ ನಿಂತಿತು.

ಅವರು ಎಲೆಯನ್ನು ನೋಡಿದರು. ಎರಡೂ ಕೈ ಕೋಲಿನ ಮೇಲಿದ್ದವು, ಅಲ್ಲೇ ಉಳಿದವು.

ತಟ್ಟೆ ಹಿಡಿದವನು ಸ್ವಲ್ಪ ಹೆಚ್ಚು ಹೊತ್ತೇ ನಿಂತ. ಆಮೇಲೆ ಒಂಟಿ ಎಲೆಯ ತಟ್ಟೆಯನ್ನು ತಂದು ಭೈರೇಶನ ಮುಂದಿಟ್ಟ. ಗುಸುಗುಸು ಎದ್ದಿತು, ಯಾಕೆ ಬಿಟ್ಟಿರಿ ಎಂದು ಮಾತ್ರ ಯಾರೂ ಕೇಳುವಂತಿರಲಿಲ್ಲ. ಮುನಿಲಕ್ಷ್ಮಮ್ಮ ಮಡಿಲಲ್ಲಿದ್ದ ಎಲೆಯ ತೊಟ್ಟನ್ನು ಬೆರಳಲ್ಲಿ ಮುರಿದರು. ಬೇರೆ ಬೇರೆ ತಟ್ಟೆ ಎಂದು ತಾನೇ ಕೇಳಿದ್ದು ತನಗೇ ತಿರುಗಿಬಿದ್ದಿತ್ತು. ಎಲ್ಲ ಸೇರಿ ಒಂದೇ ತಟ್ಟೆಯಾಗಿದ್ದರೆ ಮರಿಯಪ್ಪ ಭಾವ ಎತ್ತುತ್ತಿದ್ದರೋ ಏನೋ.

ಎರಡನೆಯ ತಟ್ಟೆ ಕೈ ಎತ್ತುವ ಮಾತಿಗೆ. ಅದನ್ನು ಕಳಿಸುವ ಮೊದಲು ಭೈರೇಶ ಬಂದು ಮುನಿಲಕ್ಷ್ಮಮ್ಮನವರ ಪಕ್ಕ ಕುಕ್ಕರಗಾಲಲ್ಲಿ ಕೂತ. ಗುಟ್ಟು ಮಾಡಲಿಲ್ಲ, ಅಕ್ಕಪಕ್ಕದವರಿಗೂ ಕೇಳಿಸಿತು.

"ದೊಡ್ಡಮ್ಮಾ, ಇದೊಂದು ಎತ್ತು. ತಟ್ಟೆ ಕೆಲಸ ಇಲ್ಲಿಗೆ ಮುಗೀತದೆ. ಆಮೇಲೆ ಈಗಿಂದೀಗ್ಲೇ ಕೈ ಎತ್ತಿಸಿ ಕವನಾದು ಮಾಡ್ಬಿಡ್ತೀನಿ. ಬ್ಯಾಡ ಅನ್ನೋರು ಒಬ್ರೇ."

"ಕಣ?"

ಭೈರೇಶ ಸುಳ್ಳು ಹೇಳುವವನಲ್ಲ. "ಅದೂ ಆಯ್ತದೆ," ಎಂದ.

ಅವನು ಎದ್ದು ಹೋದ. ತಟ್ಟೆ ಹೊರಟಿತು. ಹಿಂದಿನ ಸಾಲಿನಲ್ಲಿ ಮನೆ ಹೆಸರುಗಳು ಕೇಳಿಸುತ್ತಿದ್ದವು. ಮುನಿಲಕ್ಷ್ಮಮ್ಮ ಯೋಚಿಸಿದರು. ಎತ್ತಿದರೆ ಇವತ್ತು ಮಧ್ಯಾಹ್ನದೊಳಗೆ ಮಗಳಿಗೆ ಜಾಗವಾಗುತ್ತದೆ. ಬಿಟ್ಟರೆ ಇನ್ನೊಂದು ಸಂಕ್ರಾಂತಿ. ಅದುವರೆಗೆ ಎದೆ ಕೈಕೊಟ್ಟರೆ ಎಲೆ ಭೈರೇಶನಿಗೆ ಹೋಗುತ್ತದೆ, ಅವನು ಎತ್ತುತ್ತಾನೆ, ಆಗ ಹೇಗೂ ಮಳಿಗೆ ಏಳುತ್ತದೆ. ಹಾಗಾದರೆ ಇವತ್ತು ಬಿಡುವುದರಿಂದ ಏನು ಬಂತು? ಲೆಕ್ಕವೆಲ್ಲ ಎತ್ತು ಎಂದೇ ಹೇಳುತ್ತಿತ್ತು.

ಆದರೆ ಎದುರಿಗೆ ಮರಿಯಪ್ಪ ಕೂತಿದ್ದರು. ಊರೆಲ್ಲ ಬೇಕು ಎಂದದ್ದನ್ನು ಬೇಡ ಎಂದು, ಯಾಕೆಂದು ಹೇಳದೆ, ಗೋಡೆಗೆ ಒರಗಿ ಆರಾಮವಾಗಿ ಕೂತಿದ್ದರು. ಟವರಿನ ವರ್ಷ ತಾನೂ ಹಾಗೆಯೇ ಕೂತಿದ್ದೆ ಎಂಬುದು ಮುನಿಲಕ್ಷ್ಮಮ್ಮನವರಿಗೆ ನೆನಪಾಯಿತು. ಆ ದಿನ ಕೈ ಎತ್ತಿಸಿದ್ದರೆ ಹಾಲಿನವಳ ಒಂದು ಕೈ ಯಾವ ಲೆಕ್ಕಕ್ಕೂ ಬರುತ್ತಿರಲಿಲ್ಲ. ಇವತ್ತು ತಟ್ಟೆ ಹೋದರೆ ನಾಳೆ ಕವನಾ ಇಲ್ಲಿ ಬಂದು ಕೂತು ಒಂದು ಕೈ ಎತ್ತುತ್ತಾಳೆ, ಎಣಿಸಿ ಮುಂದಕ್ಕೆ ಹೋಗುತ್ತಾರೆ. ತಾನು ಮಗಳಿಗೆ ಕೊಡಬೇಕೆಂದಿದ್ದದ್ದು ಅದಲ್ಲ.

"ಹೊಂಬಾಳಯ್ಯನ ಮನೆ."

ಮುನಿಲಕ್ಷ್ಮಮ್ಮ ತಟ್ಟೆಯ ಅಂಚನ್ನು ಮುಟ್ಟಿ ಮುಂದಕ್ಕೆ ಸರಿಸಿದರು.

ಮರಿಯಪ್ಪ ಈ ಸಲ ತಮ್ಮ ಎಲೆ ಎತ್ತಿಕೊಂಡರು. ಅದನ್ನು ನೋಡಿ ಎಲ್ಲರಿಗೂ ಆಶ್ಚರ್ಯವಾಯಿತು. ಕೊನೆಗೆ ತಟ್ಟೆಯಲ್ಲಿ ಒಂದೇ ಎಲೆ ಉಳಿಯಿತು. ಹೊಸ ಪುಸ್ತಕದ ಎರಡು ಮುಖ್ಯ ಮಾತುಗಳೂ ಮುಂದಿನ ಸಂಕ್ರಾಂತಿವರೆಗೆ ನಿಂತವು. ಎತ್ತಿನ ಕುಕ್ಕೆಯ ಮಾತು ಮಾತ್ರ ಮೂರನೆಯ ತಟ್ಟೆಯಲ್ಲಿ ಎಲ್ಲರ ಒಪ್ಪಿಗೆಯಿಂದ ಹಳೇ ಕಟ್ಟಳೆಯನ್ನು ಬಿಟ್ಟುಹೋಯಿತು. ಜನ ಎದ್ದು ಸ್ಕೂಟರುಗಳನ್ನು ಒಳಕ್ಕೆ ತಂದರು.

ಸಂಜೆ ಕವನಾ ಫೋನ್ ಮಾಡಿದಳು. ತಾಯಿ ನಡೆದದ್ದನ್ನು ಹೇಳಿದರು. ಆ ಕಡೆ ಪ್ರೆಷರ್ ಕುಕ್ಕರ್ ಕೂಗಿತು, ಕವನಾ ಸ್ಟವ್ ಆರಿಸಿ ಬಂದಳು.

"ಎತ್ಕೊಂಡಿದ್ರೆ ನಂದು ಆಗ್ತಿತ್ತು ಅಲ್ವಾ?"

"ಆಗ್ತಿತ್ತು."

"ಸರಿ ಬಿಡು," ಎಂದಳು ಕವನಾ. ಆ ದನಿಯಲ್ಲಿ ಸ್ವಲ್ಪ ನೋವಿತ್ತು. ಎಲೆ ಬೇಡ ಎನ್ನುತ್ತಿದ್ದವಳಿಗೂ ಅದು ಬೇಕಾಗಿತ್ತು ಎಂದು ಮುನಿಲಕ್ಷ್ಮಮ್ಮನವರಿಗೆ ಆಗ ತಿಳಿಯಿತು.

ಮಾರನೆಯ ಮಧ್ಯಾಹ್ನ ಅವರು ಹಿತಕಿದ ಅವರೆಬೇಳೆ ಸಾರು ಮಾಡಿ, ಡಬ್ಬಿಗೆ ಹಾಕಿಕೊಂಡು ಮರಿಯಪ್ಪನವರ ಮನೆಗೆ ಹೋದರು. ಹೆಂಡತಿ ಹೋದ ಮೇಲೆ ಮರಿಯಪ್ಪ ಕೆಳಗಿನ ಕೋಣೆಯಲ್ಲಿ ಒಬ್ಬರೇ ಇರುತ್ತಾರೆ. ಮಗ ಸಂಸಾರದೊಡನೆ ಹೊಸೂರಿನಲ್ಲಿದ್ದಾನೆ.

"ಏನಿದು, ಲಂಚನಾ?" ಎಂದರು ಮರಿಯಪ್ಪ ಡಬ್ಬಿಯ ಮುಚ್ಚಳ ತೆಗೆಯುತ್ತಾ.

"ಹೂಂ ಭಾವ, ಲಂಚನೇ. ಬರೋ ಸಂಕ್ರಾಂತಿವರ್ಗೂ ತಂದ್ಕೊಡ್ತೀನಿ."

ಮರಿಯಪ್ಪ ತಟ್ಟೆಗೆ ಮುದ್ದೆ ಹಾಕಿಕೊಂಡು ಸಾರು ಬಗ್ಗಿಸಿಕೊಂಡರು. ಒಂದು ತುತ್ತು ನುಂಗಿದ ಮೇಲೆ ಮಾತಾಡಿದರು. "ನಿಂದು ನಾನು ಕೇಳೋಂಗಿಲ್ಲ. ನಂದು ನಾನು ಹೇಳ್ಕೊಬೋದು. ಹೆಣ್ಮಕ್ಳ ಎಲೆ ನನ್ ಕೈಯಿಂದ ಎತ್ತಾಕಾಗ್ಲಿಲ್ಲ ಕಣಮ್ಮಾ. ನಮ್ಮಪ್ಪ ಕೂತಿದ್ದ ಜಾಗ ಅದು. ಅದ್ಕೇ ಎರಡನೇದು ಎತ್ತಿದ್ದು. ಕೈ ಎತ್ತಿ ನನ್ನ ಸೋಲಿಸ್ಲಿ, ನಿನ್ ಮಗಳ್ದು ಆಗ್ಲಿ ಅಂತ. ನೋಡಿದ್ರೆ ನೀನೇ ಬಿಟ್ಟೆ."

ಮುನಿಲಕ್ಷ್ಮಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತರು.

"ಸೋಲೋಕೆ ಒಪ್ಪೋರು ಒಂದ್ ಎಲೆ ಎತ್ತೋಕೆ ಒಪ್ಪಲ್ವಾ?" ಎಂದರು.

"ಅವೆರಡೂ ಬ್ಯಾರೆ ಬ್ಯಾರೆ." ಮರಿಯಪ್ಪ ಇನ್ನೊಂದು ತುತ್ತು ಮುರಿದರು. "ಅಲ್ಲದೇ ಅವಳು ಇರೋದು ಕೆಂಗೇರೀಲಿ. ಅಲ್ಲಿ ಕೂತ್ಕೊಂಡು ಇಲ್ಲಿ ಕಣದ ಕಷ್ಟ ಏನ್ ಗೊತ್ತಾಗ್ತದೆ?"

"ನಿಮ್ಮ ಮಗ ಇರೋದು ಹೊಸೂರು."

ಮರಿಯಪ್ಪ ಮುರಿದ ತುತ್ತನ್ನು ಸಾರಿನಲ್ಲಿ ಅದ್ದಿದರು. "ಅವನು ಹಬ್ಬಕ್ಕೂ ಬರ್ಲಿಲ್ಲ," ಎಂದರು. ಅದು ವಾದದ ಮಾತಾಗಿರಲಿಲ್ಲ.

"ಕವನಾ ಬಂದಿದ್ಲು. ಈ ಅವರೆಕಾಯಿ ಸುಲಿದೋಳು ಅವಳೇ."

ಮರಿಯಪ್ಪ ಪೂರ್ತಿ ಊಟ ಮುಗಿಸಿ, ತಟ್ಟೆ ಬಳಿದು, ಡಬ್ಬಿಗೆ ಮುಚ್ಚಳ ಹಾಕಿ ಮುನಿಲಕ್ಷ್ಮಮ್ಮನವರ ಕೈಗೆ ಕೊಟ್ಟರು.

"ತೊಳ್ದಿಲ್ಲ. ನಾಳೆ ಹೆಂಗೂ ತರ್ತೀಯಲ್ಲ."

ಮುನಿಲಕ್ಷ್ಮಮ್ಮ ಡಬ್ಬಿ ಹಿಡಿದು ಕಣ ದಾಟಿ ಮನೆಗೆ ಬಂದರು. ಅದನ್ನು ಸಿಂಕಿನಲ್ಲಿಟ್ಟು ನೀರು ಬಿಟ್ಟರು. ಆಮೇಲೆ ಫ್ರಿಜ್ಜಿನ ಮೇಲಿದ್ದ ಮಾತ್ರೆಗಳನ್ನು ತೆಗೆದು, ಬೆಳಿಗ್ಗೆ ಬಿಟ್ಟದ್ದನ್ನು ನುಂಗಿ ನೀರು ಕುಡಿದರು.